ಬಾಗಿಲು ಹಾಕಬಾರದ ಹಬ್ಬ

ಬೀಗ ಹಾಕಿ ಹೊರಟುಹೋಗುವವರು ಒಂದು ಬಗೆ, ಹಾಕಿದ ಬೀಗವನ್ನು ಒಮ್ಮೆ ಎಳೆದು ನೋಡಿ ಹೊರಡುವವರು ಇನ್ನೊಂದು ಬಗೆ. ನಾನು ಎಳೆದು ನೋಡಿ, ಮೆಟ್ಟಿಲಿಳಿದು, ನಿಜವಾಗಿಯೂ ಎಳೆದು ನೋಡಿದೆನೋ ಅಥವಾ ನೋಡಬೇಕು ಎಂದುಕೊಂಡೆನೋ ಎಂಬ ಅನುಮಾನ ಬಂದು ಮತ್ತೆ ಮೆಟ್ಟಿಲು ಹತ್ತುವ ಬಗೆಯವನು. ಮದುವೆಯಾದ ಹೊಸತರಲ್ಲಿ ಹೆಂಡತಿ ವಾಸಂತಿಯ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದೆ. ಮೂಲ್ಕಿಯಲ್ಲಿ ಬಸ್ಸು ಹತ್ತಿ ಕುಳಿತ ಮೇಲೆ ಹಿತ್ತಿಲ ಬಾಗಿಲಿನ ಅಗಳಿ ನೆನಪಾಯಿತು. ಈಗ ಬಂದೆ ಎಂದು ಇಳಿದು ಮನೆಗೆ ಓಡಿದೆ. ಅಗಳಿ ಹಾಕಿದ ಹಾಗೆಯೇ ಇತ್ತು. ಬಸ್ಸು ಮಾತ್ರ ನಿಂತಲ್ಲಿ ಇರಲಿಲ್ಲ. ವಾಸಂತಿ ಒಬ್ಬಳೇ ಹೋಗಿ, ದರ್ಶನ ಮಾಡಿ, ಊಟ ಮುಗಿಸಿ, ಸಂಜೆ ಪ್ರಸಾದ ಹಿಡಿದುಕೊಂಡು ಬಂದಳು. "ದೇವರು ನಿಮ್ಮನ್ನು ಕೇಳಿದ್ರು. ಬಾಗಿಲು ನೋಡ್ಲಿಕ್ಕೆ ಹೋಗಿದ್ದಾರೆ ಅಂತ ಹೇಳಿದೆ" ಎಂದಳು. ನಾವು ಮನೆಯಲ್ಲಿ ಆಡುವುದು ತುಳು. ಅವಳ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಖಾರ ಅರ್ಧ ಇಳಿದುಹೋಗಿದೆ ಎಂಬುದನ್ನು ಓದುಗರು ಗಮನಿಸಬೇಕು.

ಇಂಥ ನನ್ನ ಕೈಗೆ ಒಂದು ಇಡೀ ಕಟ್ಟಡದ ಬೀಗದ ಕೈ ಬಂದದ್ದು ಕುವೈತಿನಲ್ಲಿ, ತೊಂಬತ್ತನೆಯ ಇಸವಿಯ ಆಗಸ್ಟ್‌ನಲ್ಲಿ. ಕುವೈತ್ ನಗರದ ಶರ್ಕ್ ಎಂಬ ಬಡಾವಣೆಯ ದೊಡ್ಡ ಕಟ್ಟಡಗಳ ಹಿಂದಿನ ಓಣಿಯೊಂದರಲ್ಲಿ ನಾವಿದ್ದ ಹಳೆಯ ಮೂರು ಮಹಡಿಯ ಕಟ್ಟಡ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಸಮುದ್ರದ ಬದಿಯ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು. ನಾನು ಗುಮಾಸ್ತನಾಗಿದ್ದ ಕಂಪನಿಯ ಬಾಗಿಲು ಮುಚ್ಚಿತು. ಮಾಲೀಕರು ಬೇಸಿಗೆ ಕಳೆಯಲು ಯುರೋಪಿಗೆ ಹೋದವರು ಅಲ್ಲೇ ಉಳಿದರು. ಅವರು ಇದ್ದಾಗಲೂ ಆಫೀಸಿನಲ್ಲಿ ಇರುತ್ತಿದ್ದುದು ಅಪರೂಪ. ಬಂದವರಿಗೆಲ್ಲ "ಮುದೀರ್ ಮಾಫಿ, ಬುಕ್ರಾ ತಾಲ್" ಎನ್ನುವುದು ನನ್ನ ಕೆಲಸ. ಮ್ಯಾನೇಜರಿಲ್ಲ, ನಾಳೆ ಬಾ ಎಂದರ್ಥ. ಅಷ್ಟು ವರ್ಷ ಅರಬರ ನಾಡಿನಲ್ಲಿದ್ದು ನಾನು ತಡವರಿಸದೆ ಹೇಳಬಲ್ಲ ಅರಬ್ಬಿ ವಾಕ್ಯ ಅದೊಂದೇ.

ಟ್ಯಾಂಕು ಬಂದ ಮೇಲೆ ಕಟ್ಟಡದ ಗಂಡಸರೆಲ್ಲ ಕೆಳಗಿನ ಮನೆಯ ಫೆಲಿಕ್ಸರ ಹಾಲಿನಲ್ಲಿ ಸೇರಿದೆವು. ಫೆಲಿಕ್ಸ್ ನಮ್ಮ ಊರ ಕಡೆಯ ಕೊಂಕಣಿಯವರು, ಆಸ್ಪತ್ರೆಯೊಂದರ ಸ್ಟೋರಿನಲ್ಲಿ ಕೆಲಸ. ಹೊರಬಾಗಿಲಿನ ಕಬ್ಬಿಣದ ಜಾಲರಿ ಗೇಟನ್ನು ಅದುವರೆಗೆ ಯಾರೂ ಎಳೆದದ್ದಿಲ್ಲ, ಅದರ ಮೇಲೆ ವಾಚ್‌ಮನ್ ಬಟ್ಟೆ ಒಣಗಿಸುತ್ತಿದ್ದ. ಈಗ ಅವನೂ ಓಡಿಹೋಗಿದ್ದ. ಗೇಟು ಹಾಕುವುದು ಸರಿ, ಬೀಗ ಎಲ್ಲಿಂದ ಎಂಬ ಪ್ರಶ್ನೆ ಬಂತು. ನಾನು ಮೇಲೆ ಹೋಗಿ ಟ್ರಂಕಿನ ತಳದಿಂದ ಊರಿನ ಹಿತ್ತಾಳೆ ಬೀಗ ತಂದೆ. ಒತ್ತಿದ ಕೂಡಲೇ ಬೀಳುವ ಹೊಸ ಬೀಗಗಳನ್ನು ನಾನು ನಂಬುವುದಿಲ್ಲ. ಇದು ಕೀ ತಿರುಗಿಸಿದರೆ ಮಾತ್ರ ಬೀಳುವಂಥದ್ದು. ಫೆಲಿಕ್ಸ್ ಅದನ್ನು ಕೈಯಲ್ಲಿ ತೂಗಿ ನೋಡಿ, "ಸದಾನಂದಣ್ಣ, ಕೀ ನಿಮ್ಮ ಹತ್ರವೇ ಇರಲಿ ಮಾರಾಯ್ರೆ. ನೀವು ಹೇಗೂ ಹೊರಗೆ ಹೋಗುವವರಲ್ಲ" ಎಂದರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಆ ದಿನಗಳಲ್ಲಿ ಬೀಗ ಬಿದ್ದ ಕಟ್ಟಡವೆಂದರೆ ಜನ ಬಿಟ್ಟುಹೋದ ಕಟ್ಟಡವೆಂದು ಎಲ್ಲರೂ ತಿಳಿಯುತ್ತಿದ್ದರು. ನಮಗೆ ಬೇಕಾದದ್ದೂ ಅದೇ. ಕಿಟಕಿಗೆ ಕಂಬಳಿ ಕಟ್ಟಿದೆವು, ರೇಡಿಯೋ ಕಿವಿಗೆ ಹಿಡಿದು ಕೇಳಿದೆವು, ಕುಕ್ಕರ್ ಕೂಗುವ ಮೊದಲೇ ವಾಸಂತಿ ಒಲೆ ಆರಿಸುತ್ತಿದ್ದಳು. ಬೇಳೆ ಅರ್ಧ ಬೆಂದಿರುತ್ತಿತ್ತು. ಸೊಸೈಟಿಯ ಎದುರು ಖುಬೂಸ್ ರೊಟ್ಟಿಗೆ ಸಾಲು ನಿಂತು ಬರುವ ಕೆಲಸವನ್ನು ಬೇರೆಯವರು ಸರದಿಯಲ್ಲಿ ಮಾಡುತ್ತಿದ್ದರು. ಅವರು ಬಂದು ತಟ್ಟಿದಾಗ ಕಿಂಡಿಯಲ್ಲಿ ಮುಖ ನೋಡಿ, ಗುರುತು ಹಿಡಿದು, ಆಮೇಲೂ ಸ್ವಲ್ಪ ಯೋಚಿಸಿ ಬಾಗಿಲು ತೆಗೆಯುವುದು ನನ್ನ ಪಾಲಿನ ಕೆಲಸ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಆದರೆ ಜೀವನದಲ್ಲಿ ಮೊದಲ ಬಾರಿಗೆ ನನ್ನ ಭಯಕ್ಕೊಂದು ಮರ್ಯಾದೆಯೂ ಬಂದಿತ್ತು.

ಆ ಮರ್ಯಾದೆಗೆ ಸಂಚಕಾರ ತಂದವಳು ಮೂರನೆಯ ಮಹಡಿಯ ನೆನೀತಾ. ಫೆಲಿಕ್ಸರ ಆಸ್ಪತ್ರೆಯಲ್ಲೇ ನರ್ಸು, ಫಿಲಿಪ್ಪೀನ್ಸಿನವಳು. ಅಲ್ಲಿನ ರೊಂಬ್ಲೊನ್ ಎಂಬ ದ್ವೀಪಗಳ ಜಿಲ್ಲೆಯಲ್ಲಿ ಒಂದು ಮೀನುಗಾರರ ಹಳ್ಳಿ ಅವಳದ್ದು. ಊರು ತುಂಬ ಅಮೃತಶಿಲೆಯ ಕಲ್ಲು, ಮನೆಗಳು ಮಾತ್ರ ಬಿದಿರಿನವು ಎಂದು ನಗುತ್ತಾ ಹೇಳುತ್ತಿದ್ದಳು. ಅವಳ ಗಂಡ ರೊಡೆಲ್ ಅದೇ ಹಳ್ಳಿಯವನು. ದೂರದ ಮೀನಾ ಅಬ್ದುಲ್ಲಾ ಎಂಬ ಊರಿನ ರಿಫೈನರಿ ಕಡೆ ಕಾಂಟ್ರಾಕ್ಟಿನಲ್ಲಿ ವೆಲ್ಡರ್. ವಾರವಿಡೀ ಅಲ್ಲಿನ ಲೇಬರ್ ಕ್ಯಾಂಪಿನಲ್ಲಿದ್ದು ಶುಕ್ರವಾರಕ್ಕೆ ಬರುತ್ತಿದ್ದ. ಟ್ಯಾಂಕು ಬಂದ ದಿನದಿಂದ ಅವನ ಸುದ್ದಿಯಿಲ್ಲ. ಫೋನು ಸತ್ತಿತ್ತು. ಆ ಕಡೆಯಿಂದ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ಯಾವುದೂ ಕೇಳುವಂಥದ್ದಾಗಿರಲಿಲ್ಲ. ಅವಳ ಜೊತೆಯ ನರ್ಸುಗಳೆಲ್ಲ ತಮ್ಮ ದೇಶದವರು ಒಟ್ಟಾಗಿದ್ದ ಕಡೆ ಹೋಗಿಬಿಟ್ಟಿದ್ದರು. ರೊಡೆಲ್ ಬಂದರೆ ಇಲ್ಲಿಗೇ ಬರಬೇಕಲ್ಲ ಎಂದು ಇವಳೊಬ್ಬಳು ಉಳಿದಿದ್ದಳು.

ಒಂದು ಸಂಜೆ ಅವಳು ನಮ್ಮ ಮನೆಗೆ ಬಂದು, ಕೈಯಲ್ಲಿದ್ದ ಒಂದು ಪಟವನ್ನು ಮೇಜಿನ ಮೇಲಿಟ್ಟಳು. ಯಾರೋ ಸಂತ. ಬಟ್ಟೆ ಸರಿಸಿ ತೊಡೆಯ ಮೇಲಿನ ಹುಣ್ಣು ತೋರಿಸುತ್ತಿದ್ದಾನೆ, ಪಕ್ಕದಲ್ಲಿ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ಸಂತ ರೋಕ್, ಅವಳ ಹಳ್ಳಿಯ ಪಾಲಿನ ದೇವರು. ಪ್ಲೇಗು ಬಂದು ಕಾಡಿನಲ್ಲಿ ಬಿದ್ದಿದ್ದವನಿಗೆ ಈ ನಾಯಿ ದಿನಾ ರೊಟ್ಟಿ ತಂದುಕೊಟ್ಟಿತಂತೆ. ವಾಸಂತಿ ಪಟವನ್ನು ಹತ್ತಿರ ಹಿಡಿದು ನೋಡಿ, "ಇದಕ್ಕೆ ರೊಟ್ಟಿ ಎಲ್ಲಿ ಸಿಕ್ಕಿತಂತೆ ಕೇಳಿ, ನಮ್ಮ ಸೊಸೈಟಿಯಲ್ಲಂತೂ ಅಲ್ಲ" ಎಂದಳು.

ನಾಡಿದ್ದು ಆ ಸಂತನ ಹಬ್ಬ, ಅವರ ಫಿಯೆಸ್ತಾ. ಅಂದು ದೋಣಿಗಳೆಲ್ಲ ದಡ ಸೇರುತ್ತವೆ. ಮನೆಮನೆಗೆ ದಾರ ಕಟ್ಟಿ ಬಣ್ಣಬಣ್ಣದ ಪತಾಕೆ ಹಾರಿಸುತ್ತಾರೆ. ವರ್ಷದಿಂದ ಸಾಕಿದ ಹಂದಿಯನ್ನು ಇಡಿಯಾಗಿ ಸುಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ಬೆಳಗಿನಿಂದ ಮೆರವಣಿಗೆ ಮುಗಿಯುವ ದೀಪದ ಹೊತ್ತಿನವರೆಗೆ ಯಾರೂ ಬಾಗಿಲು ಹಾಕುವಂತಿಲ್ಲ. ಗುರುತಿರಲಿ ಇಲ್ಲದಿರಲಿ, ಒಳಗೆ ಬಂದವನಿಗೆ ಉಣಿಸಬೇಕು, ಹೋಗುವಾಗ ಪೊಟ್ಟಣ ಕಟ್ಟಿಕೊಡಬೇಕು. "ಒಂದು ವರ್ಷ ಹಬ್ಬದ ಹಿಂದಿನ ವಾರ ಬಿರುಗಾಳಿ ಬಂದು ನಮ್ಮ ಮನೆಯ ಮಾಡು, ಬಾಗಿಲು ಎಲ್ಲ ಹಾರಿಹೋಯಿತು. ಅಪ್ಪ ಎಲ್ಲಿಂದಲೋ ಒಂದು ಹಲಗೆ ತಂದು ಕಟ್ಟಿದ. ಎಂತಕ್ಕೆ ಅಂತ ಅಮ್ಮ ಕೇಳಿದಳು. ಹಬ್ಬದ ದಿನ ತೆರೆದಿಡಲಿಕ್ಕೆ ಒಂದು ಬಾಗಿಲು ಬೇಡವಾ ಅಂದ" ಎಂದಳು ನೆನೀತಾ. ನಾನು ನಕ್ಕೆ. ಅವಳು ನಗಲಿಲ್ಲ. "ಕುಯಾ, ನಾಡಿದ್ದು ಗೇಟು ತೆರೆದಿಡಬೇಕು" ಎಂದಳು. ಕುಯಾ ಎಂದರೆ ಅವರಲ್ಲಿ ಅಣ್ಣ.

ನನ್ನ ನಗು ಅಲ್ಲಿಗೇ ನಿಂತಿತು. ಯಾರಾದರೂ ಬಂದು ತಟ್ಟಿದರೆ ತೆಗೆಯುತ್ತೇನಲ್ಲ ಎಂದೆ. ಅವಳು ಮೆಲ್ಲಗೆ ವಿವರಿಸಿದಳು. ರೊಡೆಲ್‌ನ ಪಾಸ್‌ಪೋರ್ಟು ಕಂಪನಿಯಲ್ಲಿದೆ. ಕೈಯಲ್ಲಿ ಕಾಗದವಿಲ್ಲದವನು ರಸ್ತೆಯಲ್ಲಿ ನಿಂತು ಕಬ್ಬಿಣದ ಗೇಟು ಬಡಿಯುತ್ತಾನೆಯೇ? ಬೀಗ ನೋಡಿದರೆ ಇವಳೂ ಎಲ್ಲರ ಜೊತೆ ಹೊರಟುಹೋದಳೆಂದು ತಿಳಿದು ಹಿಂದಿರುಗುತ್ತಾನೆ. ಆಮೇಲೆ ಅವನನ್ನು ಎಲ್ಲಿ ಹುಡುಕುವುದು? ಬರುವುದಾದರೆ ಅವನು ಅಂದೇ ಬರುತ್ತಾನೆ, ಎಲ್ಲಿದ್ದರೂ ಅಂದು ಮನೆ ಸೇರಬೇಕೆಂದೇ ಅವರನ್ನು ಬೆಳೆಸಿದ್ದು. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಅವಳು ಪಟ ತೆಗೆದುಕೊಂಡು ಹೋದ ಮೇಲೆ ವಾಸಂತಿ ನನ್ನ ಕಡೆ ತಿರುಗಿದಳು. "ಊರಲ್ಲಿ ದೀಪ ಹಚ್ಚುವ ಹೊತ್ತಿಗೆ ಎದುರಿನ ಬಾಗಿಲು ಹಾಕಿದ್ರೆ ನಿಮ್ಮ ಅಮ್ಮ ಸುಮ್ಮನೆ ಬಿಡ್ತಿದ್ರಾ? ಲಕ್ಷ್ಮಿ ಬರುವ ಹೊತ್ತು ಅಂತ ಬೈತಿರ್ಲಿಲ್ವಾ?" "ಲಕ್ಷ್ಮಿ ಬಂದೂಕು ಹಿಡ್ಕೊಂಡು ಬರ್ತಿರ್ಲಿಲ್ಲ" ಎಂದೆ. "ಅವಳ ಗಂಡನ ಬದಲು ನೀವು ಅಲ್ಲಿ ಸಿಕ್ಕಿಕೊಂಡಿದ್ರೆ?" ಎಂದಳು. ನಾನು ಅಲ್ಲಿ ಸಿಕ್ಕಿಕೊಂಡಿದ್ದರೆ ಅಲ್ಲಿನ ಬಾಗಿಲುಗಳನ್ನು ಎಳೆದು ನೋಡುತ್ತಾ ಕುಳಿತಿರುತ್ತಿದ್ದೆ ಎಂಬುದನ್ನು ಹೇಳುವ ಧೈರ್ಯ ಬರಲಿಲ್ಲ.

ಫೆಲಿಕ್ಸರು ತಲೆ ಕೊಡವಿದರು. "ಸಾಂ ರೋಕ್ ನಮಗೂ ಬೇಕಾದವನೇ. ಆದ್ರೆ ಇದು ಆಟ ಅಲ್ಲ" ಎಂದರು. ಕೊನೆಗೆ, ನಾನೇ ಕುರ್ಚಿ ಹಾಕಿ ಗೇಟಿನ ಬಳಿ ಕುಳಿತುಕೊಳ್ಳುವುದಾದರೆ ಆಗಲಿ ಎಂದು ಎಲ್ಲರೂ ಒಪ್ಪಿದರು. ತಾವು ಕುಳಿತುಕೊಳ್ಳಬೇಕಾಗಿಲ್ಲದ ಕುರ್ಚಿಯ ವಿಷಯದಲ್ಲಿ ಜನ ಬೇಗ ಒಪ್ಪುತ್ತಾರೆ.

ಪತಾಕೆಗೆ ಬಟ್ಟೆಯಿಲ್ಲ. ವಾಸಂತಿ ತನ್ನ ಸೂಟ್‌ಕೇಸ್ ತೆಗೆದಳು. ಅದರಲ್ಲಿ ರವಿಕೆ ಕಣಗಳು. ನಮ್ಮ ಹೆಂಗಸರಿಗೆ ಮದುವೆ, ಮುಂಜಿ, ಅರಸಿನ ಕುಂಕುಮ ಎಂದು ಹೋದಲ್ಲೆಲ್ಲ ಸಿಗುವ, ಯಾರೂ ಹೊಲಿಸಿಕೊಳ್ಳದ, ಇನ್ನೊಬ್ಬರಿಗೆ ಕೊಡಲೆಂದು ಮಡಚಿಡುವ ಆ ತುಂಡುಗಳು ವಿಮಾನ ಹತ್ತಿ ಕುವೈತಿನವರೆಗೂ ಬಂದಿದ್ದವು. ಮೂರು ಮೂಲೆಯಾಗಿ ಕತ್ತರಿಸಿ ಮೆಟ್ಟಿಲ ಉದ್ದಕ್ಕೂ, ಗೇಟಿನ ಮೇಲೂ ದಾರ ಕಟ್ಟಿದರು. ಸಾಲದ್ದಕ್ಕೆ ನೆನೀತಾ ಆಸ್ಪತ್ರೆಯ ಬಿಳಿ ಬ್ಯಾಂಡೇಜು ಬಟ್ಟೆಯನ್ನೂ ಸೇರಿಸಿದಳು. ಹಂದಿ ಕುವೈತಿನಲ್ಲಿ ಕನಸಿನ ಮಾತು. ಫ್ರೀಜರಿನಲ್ಲಿದ್ದ ಒಂದು ಕೋಳಿಯನ್ನು ಇಡಿಯಾಗಿ ಹುರಿದು ನಡುವೆ ಕೂರಿಸಿದಳು. ಅವರಲ್ಲಿ ಹಬ್ಬಕ್ಕೆ ಪನ್ಸಿತ್ ಎಂದು ಉದ್ದದ ನೂಡಲ್ ಮಾಡುತ್ತಾರೆ, ಅದು ಉದ್ದವಿದ್ದಷ್ಟೂ ಆಯುಷ್ಯ ಉದ್ದ ಎಂದು. ನೂಡಲ್ ಇರಲಿಲ್ಲ. ವಾಸಂತಿ ಪಾಯಸಕ್ಕೆಂದು ಇಟ್ಟಿದ್ದ ಶಾವಿಗೆ ಕೊಟ್ಟಳು. ಹುರಿಯುವಾಗ ಎಲ್ಲಿ ಮುರಿಯುತ್ತದೋ ಎಂದು ಇಬ್ಬರೂ ಉಸಿರು ಹಿಡಿದು ಸೌಟು ಆಡಿಸಿದರು.

ಹಬ್ಬದ ಬೆಳಿಗ್ಗೆ ನಾನು ಗೇಟು ಸರಿಸಿ, ಬೀಗ ಒಂದು ಜೇಬಿನಲ್ಲಿ, ಕೀ ಇನ್ನೊಂದು ಜೇಬಿನಲ್ಲಿ ಇಟ್ಟುಕೊಂಡು ಕುಳಿತೆ. ಓಣಿ ಖಾಲಿ. ಬಿಸಿಲು ಹೊಸ್ತಿಲವರೆಗೆ ಬಂದು ನಿಂತಿತ್ತು. ಮೇಲಿನಿಂದ ಬೆಳ್ಳುಳ್ಳಿ ಹುರಿದ ವಾಸನೆ. ದೂರದಲ್ಲಿ ಜೀಪಿನ ಸದ್ದು ಕೇಳಿದಾಗಲೆಲ್ಲ ನಾನು ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಿದ್ದೆ. ಪಾದ ಕಾಣದಿದ್ದರೆ ನಾನು ಕಾಣುವುದಿಲ್ಲ ಎಂಬ ಧೈರ್ಯವಿರಬೇಕು. ನೆನೀತಾ ಆಗಾಗ ಮೆಟ್ಟಿಲ ತಿರುವಿನವರೆಗೆ ಬಂದು ಹೊರಗೆ ನೋಡಿ ಮೇಲೆ ಹೋಗುತ್ತಿದ್ದಳು. ಪ್ರತಿ ಸಲವೂ ಅವಳ ಮುಖ ನೋಡಲಾರದೆ ನಾನು ಓಣಿಯ ಕಡೆ ಕತ್ತು ತಿರುಗಿಸುತ್ತಿದ್ದೆ.

ಮಧ್ಯಾಹ್ನ ಕಳೆದ ಮೇಲೆ ಜೀಪೊಂದು ಮುಂದೆ ಹೋಗಿ, ನಿಂತು, ಹಿಂದೆ ಬಂತು. ಇಬ್ಬರು ಸೈನಿಕರು ಇಳಿದರು. ಒಬ್ಬನಿಗೆ ನರೆತ ಮೀಸೆ, ಇನ್ನೊಬ್ಬನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಮೀಸೆಯವನು ನನ್ನನ್ನು ನೋಡಲಿಲ್ಲ, ತಲೆಯ ಮೇಲಿನ ಪತಾಕೆಗಳನ್ನು ನೋಡಿದ. ನಾನೂ ನೋಡಿದೆ. ಸರಿಯಾಗಿ ಗೇಟಿನ ಮೇಲೆ ಹಸಿರು, ಬಿಳಿ, ಕೆಂಪು ಪಕ್ಕಪಕ್ಕದಲ್ಲಿ ತೂಗುತ್ತಿದ್ದವು. ಕುವೈತಿನ ಬಾವುಟದ ಬಣ್ಣಗಳು. ಆ ಬಾವುಟ ಮನೆಯಲ್ಲಿ ಸಿಕ್ಕಿದವರ ಗತಿಯ ಬಗ್ಗೆ ನಾವು ಕೇಳಿದ್ದನ್ನು ಇಲ್ಲಿ ಬರೆಯಲಾರೆ. ನಾಲ್ಕನೆಯ ಬಣ್ಣ ಕಪ್ಪು. ಮೀಸೆಯವನು ದಾರ ಹಿಡಿದು ಒಂದೊಂದೇ ತುಂಡನ್ನು ಸರಿಸುತ್ತಾ ಹೋದ. ಅರಸಿನ, ನೀಲಿ, ಜರಿ ಅಂಚಿನ ನೇರಳೆ, ಹೂವಿನ ಗುಲಾಬಿ. ಕಪ್ಪು ಸಿಗಲಿಲ್ಲ. ಮುತ್ತೈದೆಯರಿಗೆ ಕಪ್ಪು ರವಿಕೆ ಕಣ ಯಾರೂ ಕೊಡುವುದಿಲ್ಲ. ಆ ಶಾಸ್ತ್ರ ಮಾಡಿಟ್ಟ ನಮ್ಮ ಅಜ್ಜಿಯಂದಿರಿಗೆ ನಾನು ಆ ಕ್ಷಣ ಮನಸ್ಸಿನಲ್ಲೇ ಅಡ್ಡಬಿದ್ದೆ.

ಇದೇನು, ಇಲ್ಲಿ ಯಾರಿದ್ದಾರೆ ಎಂದು ಅವನು ಅರಬ್ಬಿಯಲ್ಲಿ ಗದರಿದ. ನಾನು ಎದ್ದು ನಿಂತೆ. ಹೇಳಬೇಕಾದದ್ದು ಬಹಳವಿತ್ತು. ಹಬ್ಬ, ಸಂತ, ನಾಯಿ, ಮೀನಾ ಅಬ್ದುಲ್ಲಾ. ಬಾಯಿ ತೆರೆದಾಗ ಹೊರಬಂದದ್ದು, "ಮುದೀರ್ ಮಾಫಿ. ಬುಕ್ರಾ ತಾಲ್."

ಬಂದೂಕು ಹಿಡಿದವನಿಗೆ ನಾಳೆ ಬಾ ಎಂದಿದ್ದೆ. ಮೊದಲು ನಕ್ಕವನು ಚಿಕ್ಕವನು. ಮೀಸೆಯವನು ಅವನತ್ತ ತಿರುಗಿ ಕಣ್ಣು ಕೆಕ್ಕರಿಸಿದ, ಆದರೆ ಮೀಸೆಯ ಒಂದು ತುದಿ ಅಲುಗಿತು. ಅಷ್ಟರಲ್ಲಿ ನೆನೀತಾ ಇಳಿದು ಬಂದಳು. ಹಳದಿ ಬಣ್ಣದ ಒಳ್ಳೆಯ ಉಡುಪು ಹಾಕಿದ್ದಳು. "ಇವತ್ತು ನಮ್ಮ ಊರಿನ ಹಬ್ಬ. ಬಂದವರು ಉಣ್ಣದೆ ಹೋಗುವ ಹಾಗಿಲ್ಲ" ಎಂದು ಇಂಗ್ಲಿಷಿನಲ್ಲೂ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಆಡುವ ಅರಬ್ಬಿಯಲ್ಲೂ ಹೇಳಿ ಮೇಲೆ ಕೈ ತೋರಿಸಿದಳು. ಅವರು ಹೋದರು. ಬಂದೂಕು ಸಮೇತ ಹೋಗಿ ಶಾವಿಗೆ ತಿಂದರು. ಚಿಕ್ಕವನು ಎರಡು ಸಲ ಹಾಕಿಸಿಕೊಂಡನೆಂದು ಆಮೇಲೆ ವಾಸಂತಿ ಹೇಳಿದಳು. ಅವನ ಊರಿನಲ್ಲಿ ಅವನಮ್ಮನೂ ಶಾವಿಗೆ ಮಾಡುತ್ತಾಳಂತೆ, ಸಿಹಿ ಹಾಕಿ. ನಾನು ಮಾತ್ರ ಕೆಳಗೆ ನಿಂತು, ಈಗ ರೊಡೆಲ್ ಬಾರದಿರಲಿ, ದಯವಿಟ್ಟು ಈಗ ಬಾರದಿರಲಿ ಎಂದು ನನಗೆ ಗೊತ್ತಿದ್ದ ದೇವರುಗಳಿಗೆಲ್ಲ ಹರಕೆ ಹೇಳುತ್ತಿದ್ದೆ. ಆ ನಾಯಿಗೂ ಹೇಳಿದೆ.

ಕೈಯಲ್ಲಿ ಪೊಟ್ಟಣ ಹಿಡಿದು ಇಳಿದ ಮೀಸೆಯವನು ಹೊರಗೆ ಹೋಗಿ ತಾನೇ ಗೇಟು ಎಳೆದ. ಜಾಲರಿಯ ಆಚೆಯಿಂದ ನನ್ನನ್ನು ನೋಡಿ, ಕೀ ತಿರುಗಿಸುವ ಹಾಗೆ ಕೈ ಮಾಡಿ ತೋರಿಸಿದ. ಹಿಂದಿನಿಂದ ಬರುವವರು ತನ್ನ ಹಾಗಿರುವುದಿಲ್ಲ ಎಂದು ಹೇಳಿದ್ದಿರಬೇಕು. ನಾನು ಕೂಡಲೇ ಬೀಗ ಹಾಕಿದೆ. ಎಳೆದು ನೋಡಿದೆ. ಇನ್ನೊಮ್ಮೆ ನೋಡಿದೆ. ಎಂಥ ಸುಖ! ಮೈಯ ಬೆವರೆಲ್ಲ ತಣ್ಣಗಾಯಿತು. ನನ್ನ ಸ್ವಭಾವಕ್ಕೆ ಒಂದು ಸೈನ್ಯದ ಬೆಂಬಲವೇ ಸಿಕ್ಕಿತ್ತು.

ತಿರುಗಿದರೆ ನೆನೀತಾ ಕೊನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಬೀಗವನ್ನು ನೋಡುತ್ತಿದ್ದಳು, ಅಷ್ಟೇ. ಎಲ್ಲಿಂದಲೋ ಒಂದು ಹಲಗೆ ತಂದು ಬಾಗಿಲು ಕಟ್ಟಿದ ಅವಳಪ್ಪನ ನೆನಪಾಯಿತು. ಅಂದು ಕೇಳಿ ನಕ್ಕಿದ್ದೆ. ನಾನು ಕೀ ತಿರುಗಿಸಿ, ಗೇಟು ಸರಿಸಿ, ಮತ್ತೆ ಕುರ್ಚಿಯಲ್ಲಿ ಕುಳಿತೆ.

ಬಿಸಿಲು ಇಳಿಯಿತು. ಕತ್ತಲಾದ ಮೇಲೆ ಹೊರಗೆ ತಲೆ ಕಂಡರೆ ಗುಂಡು ಎಂಬ ಕಾಲ. ಫೆಲಿಕ್ಸರು ತಮ್ಮ ಮನೆಯಿಂದ ಹೊರಬಂದರು, ಅವರ ಹಿಂದೆ ಉಳಿದ ಗಂಡಸರು. "ಸಾಕು ಸದಾನಂದಣ್ಣ. ಇಷ್ಟು ಹೊತ್ತು ದೇವರು ಕಾಪಾಡಿದ. ಇನ್ನು ಬೀಗ ಹಾಕುವ" ಎಂದರು. ಅವರು ಹೇಳಿದ್ದು ನ್ಯಾಯವೇ. ಒಳಗೆ ಅವರ ಹೆಂಡತಿ, ಮಕ್ಕಳಿದ್ದರು. ಮೇಲೆ ವಾಸಂತಿ ಇನ್ನೂ ದೀಪ ಹಚ್ಚಿರಲಿಲ್ಲ. ನಾನು ಜೇಬಿಗೆ ಕೈ ಹಾಕಿದೆ. ಕೀ ಕೈಗೆ ಸಿಕ್ಕಿತು. ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ನಾನೇ ಆಶ್ಚರ್ಯದಿಂದ ಕೇಳಿಸಿಕೊಂಡೆ. "ಕೀ ಕಾಣ್ತಾ ಇಲ್ಲ ಮಾರಾಯ್ರೆ."

ಬೀಗದ ವಿಷಯದಲ್ಲಿ ನಾನು ಸುಳ್ಳು ಹೇಳಬಹುದೆಂದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಬಗ್ಗಿ ಹುಡುಕತೊಡಗಿದರು. ಮೆಟ್ಟಿಲ ಸಂದಿ, ಚರಂಡಿಯ ಜಾಲರಿ, ಗೋಡೆಯ ಬದಿ. ಆ ಗಡಿಬಿಡಿಯಲ್ಲಿ ನಾನು ಕೀಯನ್ನು ತೊಡೆಯ ಕೆಳಗೆ ಜಾರಿಸಿ ಅದರ ಮೇಲೆ ಕುಳಿತುಬಿಟ್ಟೆ. ಮೊನಚಾದ ಹಲ್ಲುಗಳ ಹಳೆಯ ಕೀ. ಸಂತನಿಗೆ ತೊಡೆಯಲ್ಲಿ ಹುಣ್ಣು ಹೇಗಾಗಿರಬಹುದೆಂದು ನನಗೆ ಸ್ವಲ್ಪ ಅರ್ಥವಾಯಿತು. ವಾಸಂತಿ ಮೆಟ್ಟಿಲ ತಿರುವಿನಲ್ಲಿ ನಿಂತು ಹುಡುಕುವವರನ್ನು ನೋಡಿದಳು, ನನ್ನನ್ನು ನೋಡಿದಳು, ನಾನು ಕುಳಿತಿದ್ದ ಓರೆಯನ್ನು ನೋಡಿದಳು. "ದೀಪ ಹಚ್ಚಿ ಬರ್ತೇನೆ" ಎಂದು ಮೇಲೆ ಹೋದಳು. ಅವಳು ಅಂದು ದೀಪ ಹಚ್ಚಲು ತೆಗೆದುಕೊಂಡಷ್ಟು ಹೊತ್ತನ್ನು ಮತ್ತೆಂದೂ ತೆಗೆದುಕೊಂಡಿಲ್ಲ.

ಓಣಿಯ ತುದಿಯಲ್ಲಿ ಚಪ್ಪಲಿ ಎಳೆಯುವ ಸದ್ದು ಕೇಳಿತು. ಬೂಟಿನದ್ದಲ್ಲ. ಹುಡುಕುತ್ತಿದ್ದವರು ಬಗ್ಗಿದಲ್ಲೇ ನಿಂತರು. ಗೋಡೆಗೆ ಒತ್ತಿಕೊಂಡು ಐದಾರು ಜನ ಬರುತ್ತಿದ್ದರು. ಮುಂದಿದ್ದವನು ಹೊಸ್ತಿಲ ಬಳಿ ನಿಂತು, ತಲೆಯೆತ್ತಿ ರವಿಕೆ ಕಣಗಳನ್ನು ನೋಡಿ, ಟೊಪ್ಪಿ ತೆಗೆದ. ಮುಖವಿಡೀ ಧೂಳು. "ಹ್ಯಾಪಿ ಫಿಯೆಸ್ತಾ, ಕುಯಾ" ಎಂದ. ನಾನು ತಟ್ಟನೆ ಎದ್ದೆ. ಕೀ ಠಣ್ಣನೆ ನೆಲಕ್ಕೆ ಬಿತ್ತು.

ಯಾರೂ ಅದನ್ನು ನೋಡದವರಂತೆ ಇದ್ದರು, ಏಕೆಂದರೆ ನೆನೀತಾ ಇಳಿದು ಬರುತ್ತಿದ್ದಳು. ಅಪ್ಪಿಕೊಳ್ಳುತ್ತಾಳೆಂದು ನಾವೆಲ್ಲ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟೆವು. ಅವಳು ಕೈಯಲ್ಲಿದ್ದ ಸೌಟಿನಿಂದ ಅವನ ಭುಜಕ್ಕೆ ಒಂದು ಕೊಟ್ಟಳು, ಆಮೇಲೆ ಆ ಭುಜದ ಮೇಲೆಯೇ ಮುಖವಿಟ್ಟು ಗೋಳೋ ಎಂದು ಅತ್ತಳು. ನಾನೂ ಅತ್ತೆ. ಅವನೂ ಅವನ ಕ್ಯಾಂಪಿನ ಜೊತೆಗಾರರೂ ನೀರಿನ ಟ್ಯಾಂಕರೊಂದರಲ್ಲಿ ಅರ್ಧ ದಾರಿ, ಕಾಲ್ನಡಿಗೆಯಲ್ಲಿ ಅರ್ಧ ದಾರಿ ಬಂದಿದ್ದರಂತೆ. ಓಣಿಯ ಕಟ್ಟಡಗಳೆಲ್ಲ ಮುಚ್ಚಿದ್ದವು, ಒಂದು ಮಾತ್ರ ತೆರೆದಿತ್ತು, ಆಗ ಗೊತ್ತಾಯಿತು ಇವಳು ಇದ್ದಾಳೆಂದು ಎಂದ ರೊಡೆಲ್. ಫೆಲಿಕ್ಸರು ಬಗ್ಗಿ ಕೀ ಎತ್ತಿಕೊಂಡರು, ಬಿಸಿಯಾಗಿದ್ದ ಅದನ್ನು ಒಮ್ಮೆ ನೋಡಿದರು, ನನ್ನ ಅಂಗಿಯ ಜೇಬಿಗೆ ಹಾಕಿದರು. "ಸಿಕ್ಕಿತಲ್ಲ, ಒಳ್ಳೇದಾಯ್ತು" ಎಂದರು. ಸಂಪ್ರದಾಯದಂತೆ ಬಂದವರೆಲ್ಲ ಪ್ರತಿ ಮನೆಯಲ್ಲೂ ಉಣ್ಣಬೇಕಾಗಿತ್ತು. ಉಂಡರು. ನಾವು ವಾರಕ್ಕೆಂದು ಅಳೆದಿಟ್ಟ ಅಕ್ಕಿ ಒಂದೇ ಸಂಜೆ ಮುಗಿಯಿತು.

ಮುಂದೆ ನಾವೆಲ್ಲ ಮರುಭೂಮಿ ದಾಟಿ ಊರು ಸೇರಿದ್ದು ಬೇರೆ ಕಥೆ. ಆ ಹಿತ್ತಾಳೆ ಬೀಗ ಈಗಲೂ ನಮ್ಮ ಮೂಲ್ಕಿಯ ಮನೆಯ ಬಾಗಿಲಲ್ಲಿದೆ. ಈಗಲೂ ಎಳೆದು ನೋಡುತ್ತೇನೆ, ಗೇಟಿನವರೆಗೆ ಹೋಗಿ ಮರಳಿ ಬರುತ್ತೇನೆ, ಗುಣವೇನೂ ಬದಲಾಗಿಲ್ಲ. ವರ್ಷದಲ್ಲಿ ಒಂದು ದಿನ ಮಾತ್ರ, ಆಗಸ್ಟ್‌ನಲ್ಲಿ, ವಾಸಂತಿ ನನಗಿಂತ ಮೊದಲೇ ಎದ್ದು ಎದುರಿನ ಬಾಗಿಲನ್ನು ಪೂರ್ತಿ ತೆರೆದು, ಶಾವಿಗೆ ಹುರಿಯಲು ಕೂರುತ್ತಾಳೆ. ಮೀನು ಮಾರುವವಳು, ಕರೆಂಟ್ ಮೀಟರ್ ನೋಡುವವನು, ದಾರಿ ತಪ್ಪಿ ಬಂದ ಇನ್ಶೂರೆನ್ಸ್ ಏಜೆಂಟ್, ಯಾರೂ ತಿನ್ನದೆ ಹೋಗುವಂತಿಲ್ಲ. ಬೀಗದ ಕೈ ಎಲ್ಲಿ ಎಂದು ಕೇಳಿದರೆ "ಕಾಣ್ತಾ ಇಲ್ಲ ಮಾರಾಯ್ರೆ" ಎನ್ನುತ್ತಾಳೆ. ರವಿಕೆ ಕಣಗಳ ಸೂಟ್‌ಕೇಸಿನಲ್ಲಿ ಅಡಗಿಸಿಡುತ್ತಾಳೆಂದು ನನಗೆ ಎಷ್ಟೋ ವರ್ಷದಿಂದ ಗೊತ್ತು. ನಾನು ದೀಪದ ಹೊತ್ತಿನವರೆಗೂ ಮನೆಯೆಲ್ಲ ಹುಡುಕುತ್ತೇನೆ, ಆ ಸೂಟ್‌ಕೇಸ್ ಒಂದನ್ನು ಬಿಟ್ಟು.